ಮಾಜಿ ಮೇಯರ್ ಮತ್ತು ಮೋರಿ ಚಪ್ಪಡಿ

ನಮ್ಮ ರಸ್ತೆಯ ಕೊನೆಯ ಮನೆಯಲ್ಲಿ ಒಬ್ಬರು ಎಂಪಿ ಇದ್ದಾರೆ. ಬೆಂಗಳೂರಿನ ಎಂಪಿ ಅಲ್ಲ. ಕ್ಷೇತ್ರ ದೂರದ ಜಿಲ್ಲೆಯಲ್ಲಿ, ಅಧಿವೇಶನ ದೆಹಲಿಯಲ್ಲಿ, ಮಗಳ ಕಾಲೇಜು ಬಸವೇಶ್ವರನಗರದಲ್ಲಿ. ಹಾಗಾಗಿ ಮನೆ ಇಲ್ಲಿ.

ಅವರ ವಿಸಿಟಿಂಗ್ ಕಾರ್ಡ್ ನೋಡಬೇಕು. 'ಲೋಕಸಭಾ ಸದಸ್ಯರು' ಅನ್ನೋದು ಸಣ್ಣಕ್ಷರದಲ್ಲಿದೆ, 'ಮಾಜಿ ಮೇಯರ್' ಅನ್ನೋದು ದಪ್ಪಕ್ಷರದಲ್ಲಿ. ಅವರೂರಿನಲ್ಲಿರೋದು 23 ವಾರ್ಡಿನ ಪುರಸಭೆ. ನಮ್ಮ ರಾಜ್ಯದಲ್ಲಿ ಮೇಯರ್ ಇರೋದು ಮಹಾನಗರ ಪಾಲಿಕೆಗೆ ಮಾತ್ರ, ಪುರಸಭೆಗೆ ಅಧ್ಯಕ್ಷರು ಅಷ್ಟೇ. ಅದನ್ನೇ ಕೇಳಿದೆ. "ದೆಹಲೀಲಿ ಪುರಸಭೆ ಅಂದ್ರೆ ಯಾರಿಗೆ ಗೊತ್ತಾಗುತ್ತೆ ಸಾರ್? ಮೇಯರ್ ಅಂದ್ರೆ ಕುರ್ಚಿ ಕೊಡ್ತಾರೆ" ಅಂದರು.

ಹಾಲ್‌ನ ಗೋಡೆ ಮೇಲೆ ನಾಲ್ಕು ಫೋಟೊ. 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದ ರಾಜಾಜಿ. 1924ರಲ್ಲಿ ಅಹಮದಾಬಾದ್ ಪುರಸಭೆಯ ಅಧ್ಯಕ್ಷರಾದ ಪಟೇಲರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಲಹಾಬಾದ್ ಪುರಸಭೆ ನೋಡಿಕೊಳ್ಳುತ್ತಿದ್ದ ನೆಹರೂ. ನಾಲ್ಕನೆಯದು ಇವರದೇ, ಜೆಸಿಬಿ ಮುಂದೆ ನಿಂತದ್ದು. ಜೆಸಿಬಿಗೂ ಹಾರ ಹಾಕಿದ್ದಾರೆ.

ಐದನೇ ಮೊಳೆ ಸದ್ಯಕ್ಕೆ ಖಾಲಿ. ಅದು ಅಮೆರಿಕದ ಬರ್ನಿ ಸ್ಯಾಂಡರ್ಸ್ ಅವರಿಗಂತೆ. 1981ರಲ್ಲಿ ಬರೀ 10 ವೋಟಿನಲ್ಲಿ ಗೆದ್ದು ಬರ್ಲಿಂಗ್ಟನ್ ಅನ್ನೋ ಊರಿಗೆ ಮೇಯರ್ ಆದವರು, ಈಗ ಸೆನೆಟರ್. ಆಗ ಆ ಊರಿನ ಜನಸಂಖ್ಯೆ ನಲವತ್ತು ಸಾವಿರದ ಆಸುಪಾಸು. ಅಂದರೆ ನಮ್ಮ ಬಿಬಿಎಂಪಿಯ ಹಳೇ ಒಂದು ವಾರ್ಡು. "ನೋಡಿ ಸಾರ್, ಒಂದು ವಾರ್ಡಿಂದ ಸೆನೆಟ್‌ಗೆ!" ಅಂತ ಎಂಪಿ ಸಾಹೇಬರು ಕಣ್ಣರಳಿಸುತ್ತಾರೆ.

ದೆಹಲಿಯಲ್ಲಿ ಮಾತ್ರ ಪಾಪ, ಅವರಿಗೆ ಕೈಕಾಲು ಆಡುವುದಿಲ್ಲ. 543 ಜನರ ನಡುವೆ ಮಾತಾಡೋಕೆ ಚೀಟಿ ಕೊಟ್ಟು ಕಾಯಬೇಕು. ಸಿಕ್ಕರೆ ಶೂನ್ಯ ವೇಳೆಯಲ್ಲಿ ಒಂದೆರಡು ನಿಮಿಷ. ಒಮ್ಮೆ ಬಾಹ್ಯಾಕಾಶದ ಚರ್ಚೆಗೆ ಎದ್ದು ನಿಂತು ಬೀದಿದೀಪದವರೆಗೆ ಬಂದು ನಿಲ್ಲಿಸಿದರಂತೆ. ವರ್ಷಕ್ಕೆ 5 ಕೋಟಿ ಸಂಸದರ ನಿಧಿ ಇದೆ, ನಿಜ. ಆದರೆ ಇವರದು ಶಿಫಾರಸು ಮಾತ್ರ, ಕೆಲಸ ಮಾಡಿಸೋದು ಜಿಲ್ಲಾಡಳಿತ. "ಪುರಸಭೇಲಿ ಬೆಳಿಗ್ಗೆ ಬೈದ್ರೆ ಸಂಜೆಗೆ ಮೋರಿ ಕ್ಲೀನ್ ಸಾರ್. ಇಲ್ಲಿ ಯಾರಿಗೆ ಬೈಯೋದು?"

ಇಂಥವರ ಬೀದಿಯಲ್ಲೇ 2025ರ ಡಿಸೆಂಬರ್‌ನಲ್ಲಿ ನೀರಿನ ಟ್ಯಾಂಕರ್ ಹತ್ತಿ ಮೋರಿ ಚಪ್ಪಡಿ ಮುರಿಯಿತು.

ಯಾರಿಗೆ ಹೇಳೋದು? ಬಿಬಿಎಂಪಿಯ ಕಾರ್ಪೊರೇಟರ್‌ಗಳ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಆಮೇಲೆ ಅಲ್ಲಿವರೆಗೂ ಚುನಾವಣೆಯೇ ಆಗಿರಲಿಲ್ಲ. ಬದಲಿಗೆ 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದಾಯಿತು. ಐದು ಪಾಲಿಕೆ, ಐವರು ಕಮಿಷನರ್, ಮೇಯರ್ ಸೊನ್ನೆ. ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಲೆಕ್ಕ ಪ್ರಕಾರ ನಮ್ಮ ಚಪ್ಪಡಿ ವಿಷಯ ವಿಧಾನಸೌಧಕ್ಕೇ ಹೋಗಬೇಕಲ್ವಾ? ಆರು ಕೋಟಿಗೂ ಜಾಸ್ತಿ ಜನರ ರಾಜ್ಯ ನಡೆಸುವವರನ್ನು ಮೋರಿ ಹತ್ತಿರ ಕರೆಯೋಕೆ ನಮಗೇ ನಾಚಿಕೆಯಾಯಿತು. ಮೊಬೈಲಿನಲ್ಲಿ ದೂರು ಕೊಟ್ಟೆವು. ಮೂರನೇ ದಿನ 'ಪರಿಹರಿಸಲಾಗಿದೆ' ಅಂತ ಮೆಸೇಜ್ ಬಂತು. ಹೋಗಿ ನೋಡಿದೆವು. ಗುಂಡಿಯೊಳಗೆ ಯಾರೋ ಹೊಂಗೆ ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದರು. ಬಹುಶಃ ಅದೇ ಪರಿಹಾರ.

ಭಾನುವಾರ ಎಂಪಿ ಸಾಹೇಬರು ಅಧಿವೇಶನ ಮುಗಿಸಿಕೊಂಡು ಬಂದರು. ಕಾರಿನಿಂದ ಇಳಿದವರು ಮನೆಗೆ ಹೋಗಲಿಲ್ಲ. ಪಂಚೆ ಎತ್ತಿಕಟ್ಟಿ ಗುಂಡಿ ಪಕ್ಕ ಕುಕ್ಕರಗಾಲಲ್ಲಿ ಕೂತರು. ಗೇಣು ಹಾಕಿ ಅಳೆದರು. "ಮೂರಡಿಗೆ ಎರಡಡಿ. ಸೈಜುಗಲ್ಲು ಬೇಡ, ಆರ್‌ಸಿಸಿ ಹಾಕ್ಸಿ. ನಾಲ್ಕಿಂಚು ದಪ್ಪ ಇರ್ಲಿ, ಕಂಬಿ ಎಂಟು ಎಂಎಂ." ಕೊಂಬೆ ತೆಗೆದು ಬಗ್ಗಿ ನೋಡಿದರು. "ಹೂಳು ಎತ್ತಿ ಎರಡು ಮಳೆಗಾಲ ಆಗಿದೆ." ಮೂಸಿ, "ಯುಜಿಡಿ ಎಲ್ಲೋ ಸೋರ್ತಿದೆ, ಜಲಮಂಡಳಿಯವರನ್ನೂ ಕರೀಬೇಕು" ಅಂದರು. ಆ ಮುಖದಲ್ಲಿದ್ದ ಸಂತೋಷ ಸಂಸತ್ ಟಿವಿಯಲ್ಲಿ ನಾವು ಯಾವತ್ತೂ ಕಂಡಿಲ್ಲ.

ನಮಗೂ ಕಣ್ಣು ತುಂಬಿ ಬಂತು. ಐದು ವರ್ಷದ ಮೇಲೆ ಒಬ್ಬ ಜನಪ್ರತಿನಿಧಿ ನಮ್ಮ ಮೋರಿಯನ್ನು ಮೂಸಿದ್ದು! ಅವರು ನಮ್ಮ ಪ್ರತಿನಿಧಿ ಅಲ್ಲ ಅನ್ನೋದು ಬೇರೆ ಮಾತು.

ಎದುರುಮನೆ ಆಂಟಿ ಕಾಫಿ ತಂದುಕೊಟ್ಟು ಹೇಳಿಯೇಬಿಟ್ಟರು. "ಸಾರ್, ದೆಹಲಿ ಸಾಕು. ಇಲ್ಲೇ ಕಾರ್ಪೊರೇಟರ್‌ಗೆ ನಿಂತ್ಕೊಳ್ಳಿ. ಬೀದಿ ವೋಟೆಲ್ಲಾ ನಿಮಗೇ."

ಸಾಹೇಬರು ಒಂದು ಗಳಿಗೆ ಸುಮ್ಮನಾದರು. ಲೋಟ ಕಾಂಪೌಂಡ್ ಮೇಲಿಟ್ಟರು. ಜೇಬಿನಿಂದ ಚೀಟಿ, ಪೆನ್ನು ತೆಗೆದರು. "ಇದು ಯಾವ ವಾರ್ಡಮ್ಮಾ?"

ಆಂಟಿ ಒಂದು ನಂಬರ್ ಹೇಳಿದರು. ಅದು ಬಿಬಿಎಂಪಿ 198 ವಾರ್ಡಿದ್ದಾಗಿನದು. ಅವರ ಮಗ, "ಅಮ್ಮಾ, 2022ರಲ್ಲಿ 243 ಮಾಡಿದ್ರಲ್ಲ" ಅಂತ ಇನ್ನೊಂದು ಹೇಳಿದ. ಮೇಲಿನ ಮನೆ ರಾಯರು, "ಆಮೇಲೆ 225ಕ್ಕೆ ಇಳಿಸಿದ್ರು, ಆಗ ನಂಬರ್ ಬೇರೆ ಆಯ್ತು" ಅಂದರು. ಇಸ್ತ್ರಿ ಅಂಗಡಿಯವನು, "ಈಗ ಐದೂ ಪಾಲಿಕೆ ಸೇರಿ 369 ಸಾರ್. ನಮ್ಮ ರಸ್ತೆ ಈ ಕಡೆ ಒಂದು ವಾರ್ಡು, ಆ ಕಡೆ ಒಂದು ವಾರ್ಡು ಅಂತಿದ್ರು" ಅಂದ.

"ಹಾಗಾದ್ರೆ ಚಪ್ಪಡಿ ಯಾವ ಕಡೆಗೆ ಬರುತ್ತೆ?"

ಎಲ್ಲರೂ ಗುಂಡಿ ನೋಡಿದೆವು. ಅದು ರಸ್ತೆಯನ್ನು ಅಡ್ಡ ದಾಟುವ ಮೋರಿ, ಗುಂಡಿ ಸರಿಯಾಗಿ ನಡುವೆ.

ಸಾಹೇಬರು ಚೀಟಿಯಲ್ಲಿ ಅಳತೆ ಮಾತ್ರ ಬರೆದುಕೊಂಡು ಜೇಬಿಗಿಟ್ಟರು. ಹೊಂಗೆ ಕೊಂಬೆಯನ್ನು ಮತ್ತೆ ನೆಟ್ಟು, ಕೆಂಪು ಬಟ್ಟೆಯ ಗಂಟು ಬಿಗಿ ಮಾಡಿದರು.