ನಮ್ಮೂರಿನವರ ರೇಟು

ಆಶ್ವಯುಜ ಹುಣ್ಣಿಮೆ ಹತ್ತಿರ ಬಂತೆಂದರೆ ಹಾಸನದ ಮನೆಗಳಲ್ಲಿ ಫೋನಿಗೆ ಬಿಡುವಿರುವುದಿಲ್ಲ. ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆಗೆಯುತ್ತಾರೆ, ಬಲಿಪಾಡ್ಯಮಿ ಆದ ಮೇಲೆ ಮುಚ್ಚುತ್ತಾರೆ. ವರ್ಷಕ್ಕೆ ಅಷ್ಟೇ ದಿನ. ಉಳಿದ ಹನ್ನೊಂದು ಚಿಲ್ಲರೆ ತಿಂಗಳು ನಮ್ಮ ನೆನಪೇ ಬರದ ನೆಂಟರಿಗೆಲ್ಲ ಆಗ ನಾವು ಬೇಕಾಗುತ್ತೇವೆ. ಆರೋಗ್ಯ, ಮಳೆ, ಮಕ್ಕಳ ಓದು ಎಲ್ಲ ವಿಚಾರಿಸಿಕೊಂಡ ಮೇಲೆ ಮಾತು ಬರಬೇಕಾದಲ್ಲಿಗೆ ಬರುತ್ತದೆ. "ನೀವು ಅಲ್ಲಿಯವರೇ ಅಲ್ವಾ? ಒಂದ್ನಾಲ್ಕು ಪಾಸ್ ಹೊಂದಿಸಿಕೊಡಿ."

ಈಚಿನ ವರ್ಷಗಳಲ್ಲಿ 300 ರೂಪಾಯಿ, 1000 ರೂಪಾಯಿ ಟಿಕೆಟ್ ಇದೆ. ದುಡ್ಡು ಕೊಟ್ಟವರು ಯಾವ ಊರಿನವರಾದರೂ ಆ ಸಾಲಿಗೆ ಹೋಗಬಹುದು. ಬೇಡವೆಂದರೆ ಧರ್ಮದರ್ಶನದ ಸಾಲು. ಅಲ್ಲಿ ಹಾಸನದವರೂ ನಿಲ್ಲಬೇಕು, ಹುಬ್ಬಳ್ಳಿಯವರೂ ನಿಲ್ಲಬೇಕು. ಇದನ್ನು ಹೇಳಿದರೆ ನೆಂಟರು ನಂಬುವುದಿಲ್ಲ. ಹುಟ್ಟಿದಾಗಿನಿಂದ ದೇವಿಯ ಊರಲ್ಲೇ ಇದ್ದೀರಿ, ಒಂದು ಪಾಸ್ ಸಿಗಲ್ವಾ ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಅವರನ್ನು ಆಡಿಕೊಂಡು ಏನೂ ಪ್ರಯೋಜನವಿಲ್ಲ. ಅವರು ಕೇಳುವುದು ಎರಡು ನಿಮಿಷ. ಆಮೇಲೆ ಎರಡು ದಿನ ಕಂಡಕಂಡವರಿಗೆ ಫೋನ್ ಮಾಡಿ ಒದ್ದಾಡುವವರು ನಾವು. ನೆಂಟರು ನಮ್ಮೂರಿಗೆ ಬಂದು, ಜೇಬಿಗೆ ಕೈ ಹಾಕಿ, ಹೊರಗಿನವರು ಕೊಡುವಷ್ಟೇ ದುಡ್ಡು ಎಣಿಸಿಬಿಟ್ಟರೆ ನಾವು ಇಲ್ಲಿ ಇದ್ದೇನು ಸುಖ? ರಿಯಾಯಿತಿ ತಗೊಳ್ಳುವವರ ಆಸೆಗಿಂತ ಕೊಡಿಸುವವರ ಚಪಲವೇ ಜಾಸ್ತಿ. ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಈ ಚಪಲಕ್ಕೆ ವೀಸಾನೂ ಬೇಡ. ನಮ್ಮ ಅಕ್ಕನ ಮಗಳು ಅಮೆರಿಕದ ಫ್ಲೋರಿಡಾದಲ್ಲಿ, ಒರ್ಲ್ಯಾಂಡೊ ಪಕ್ಕದಲ್ಲಿ ಇದ್ದಾಳೆ. 1971ರಲ್ಲಿ ಅಲ್ಲಿ ಡಿಸ್ನಿ ವರ್ಲ್ಡ್ ಅನ್ನುವ ದೊಡ್ಡ ಮನರಂಜನಾ ಪಾರ್ಕ್ ಶುರುವಾಯಿತು. ಆಮೇಲೆ ಯೂನಿವರ್ಸಲ್, ಸೀವರ್ಲ್ಡ್ ಎಲ್ಲ ಅಕ್ಕಪಕ್ಕದಲ್ಲೇ ಎದ್ದವು. ಹೋದ ಬೇಸಿಗೆಯಲ್ಲಿ ಅವಳ ಅತ್ತೆ ಮಾವ ಅರಸೀಕೆರೆಯಿಂದ ಹೋಗಿದ್ದರು. ಜೊತೆಗೆ ನಾದಿನಿ, ನಾದಿನಿಯ ಮಗ. ಒರ್ಲ್ಯಾಂಡೊವರೆಗೆ ಹೋಗಿ ಡಿಸ್ನಿ ನೋಡದೆ ಬಂದರೆ ಊರಲ್ಲಿ ಏನಂತಾರೆ? ಆದರೆ ಅಲ್ಲಿ ಒಂದು ದಿನದ ಟಿಕೆಟ್ಟೇ ನೂರು ಡಾಲರ್ ದಾಟುತ್ತದೆ. ಮಾವನವರು ತೆಂಗಿನಕಾಯಿ ವ್ಯಾಪಾರ ಮಾಡಿದವರು. ಡಾಲರನ್ನು ಮೊದಲು ರೂಪಾಯಿಗೆ, ಆಮೇಲೆ ತೆಂಗಿನಕಾಯಿಗೆ ಬದಲಾಯಿಸಿ ಲೆಕ್ಕ ಹಾಕಿದರು. ಒಬ್ಬೊಬ್ಬರಿಗೂ ಒಂದೊಂದು ಗಾಡಿ ಕಾಯಿ ಕಣಮ್ಮ ಅಂದರಂತೆ.

ಆಗ ಸೊಸೆ ಬಾಯಿ ತಪ್ಪಿ ಒಂದು ಮಾತು ಹೇಳಿದಳು. ಫ್ಲೋರಿಡಾದವರಿಗೆ ಬೇರೆ ರೇಟು ಇದೆ ಅಂತ.

"ಹಂಗಾದ್ರೆ ನಿನ್ನ ಲೈಸೆನ್ಸ್ ತೋರಿಸಿ ಐದು ಟಿಕೆಟ್ ತಗೋ."

"ಹಂಗೆ ಆಗಲ್ಲ ಮಾವ. ಹದಿನೆಂಟು ತುಂಬಿದ ಪ್ರತಿಯೊಬ್ಬರೂ ಇಲ್ಲಿಯ ವಿಳಾಸ ತೋರಿಸಬೇಕು."

"ಲೈಸೆನ್ಸ್ ಇಲ್ಲದೋರು?"

"ಫೋಟೋ ಇರೋ ಗುರುತಿನ ಚೀಟಿ ಜೊತೆಗೆ ಇಲ್ಲಿಯ ಅಡ್ರೆಸ್ಸಿಗೆ ಬಂದಿರೋ ಬ್ಯಾಂಕ್ ಸ್ಟೇಟ್‌ಮೆಂಟೋ ಬಿಲ್ಲೋ ಕೊಡಬೇಕು. ಅದೂ ಹೊಸದಾಗಿರಬೇಕು."

ಮಾವನವರು ಸ್ವಲ್ಪ ಹೊತ್ತು ಯೋಚಿಸಿದರು. "ಕರೆಂಟ್ ಬಿಲ್ ಈ ಸಲ ನನ್ನ ಹೆಸರಿಗೇ ಮಾಡಿಸಿಬಿಡಮ್ಮ. ಕಟ್ಟೋದು ನಾನೇ ಕಟ್ತೀನಿ."

ಈ ಕಥೆಯನ್ನು ಅವರು ಅರಸೀಕೆರೆಯ ತಮ್ಮ ಮನೆಯ ಜಗುಲಿಯಲ್ಲಿ ಕೂತು ನನಗೆ ಹೇಳಿದ್ದು, ಒಂದು ಚೂರೂ ನಾಚಿಕೆಯಿಲ್ಲದೆ. ಅವರ ವಾದ ಹೀಗಿತ್ತು. ಆರು ತಿಂಗಳಿಗೆ ಅಂತ ಬಂದಿದ್ದೇನೆ. ಇದೇ ಮನೆಯಲ್ಲಿ ಉಣ್ಣುತ್ತಿದ್ದೇನೆ, ಇದೇ ಅಂಗಡಿಯಲ್ಲಿ ತರಕಾರಿ ತರುತ್ತಿದ್ದೇನೆ, ಇದೇ ಬೀದಿಯಲ್ಲಿ ದಿನಾ ವಾಕಿಂಗ್ ಹೋಗುತ್ತಿದ್ದೇನೆ. ಎದುರು ಮನೆ ನಾಯಿ ಕೂಡ ನನ್ನ ನೋಡಿ ಬೊಗಳೋದು ಬಿಟ್ಟಿದೆ. ಇನ್ನೇನು ಬೇಕು ಅಲ್ಲಿಯವನು ಅನ್ನೋಕೆ? ನಾಯಿಯ ವಿಷಯ ಕೇಳಿದ ಮೇಲೆ ನನಗೂ ಅವರ ಮಾತು ನ್ಯಾಯವೇ ಅನ್ನಿಸಿತು.

ಮೊಮ್ಮಗನ ಮಾತು ಬೇರೆ. ಮಕ್ಕಳ ಟಿಕೆಟ್ಟೇ ಬೇರೆ. ಆದರೆ ಹತ್ತು ತುಂಬಿದರೆ ಅಲ್ಲಿ ದೊಡ್ಡವರ ಟಿಕೆಟ್. ಹುಡುಗನಿಗೆ ಹತ್ತಾಗಿತ್ತು. "ಒಂಬತ್ತು ಅಂದ್ರೆ ಆಯ್ತು" ಅಂದರಂತೆ ಅಜ್ಜಿ. ಬಸ್ಸಿನ ಹಾಫ್ ಟಿಕೆಟ್ ಕಾಲದಲ್ಲಿ ಮಕ್ಕಳನ್ನು ಸಾಕಿದವರು ಅವರು. ನಮ್ಮ ಕೆಎಸ್‌ಆರ್‌ಟಿಸಿಯಲ್ಲಿ ಆರರಿಂದ ಹನ್ನೆರಡರವರೆಗೆ ಅರ್ಧ ಟಿಕೆಟ್. ಹಾಗಾಗಿ ನಮ್ಮ ಕಡೆಯ ಎಷ್ಟೋ ಗಂಡುಮಕ್ಕಳು ಮೀಸೆ ಚಿಗುರುವವರೆಗೂ ಹನ್ನೆರಡರಲ್ಲೇ ಇರುತ್ತಿದ್ದರು. ಅಮ್ಮ ಐದು ಅಂದಾಗ "ಅಲ್ಲ, ನಂಗೆ ಏಳು" ಅಂತ ಕಂಡಕ್ಟರ್ ಎದುರೇ ಹೇಳಿ ಏಟು ತಿಂದವರು ನನ್ನ ವಯಸ್ಸಿನವರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ.

ಅಲ್ಲಿ ಆ ಆಟ ನಡೆಯಲ್ಲ ಅಂತ ಸೊಸೆ ಖಡಾಖಂಡಿತವಾಗಿ ಹೇಳಿದಳು. ಅವಳ ಹಳೇ ಟಿಕೆಟ್ಟಿನಲ್ಲಿ ಒಂದು ದಿನ ಬಾಕಿಯಿತ್ತು. ಅದನ್ನೂ ಅತ್ತೆಗೆ ಕೊಡುವ ಹಾಗಿಲ್ಲ. ಮೊದಲ ಸಲ ಹೋದಾಗ ಗೇಟಿನಲ್ಲಿ ಬೆರಳು ಒತ್ತಿಸಿಕೊಂಡಿರುತ್ತಾರೆ. ಮುಂದಿನ ಸಲ ಅದೇ ಬೆರಳು ಬರಬೇಕು. "ಸಬ್‌ರಿಜಿಸ್ಟ್ರಾರ್ ಆಫೀಸಿಗಿಂತ ಅತ್ತತ್ತ ಕಣೋ" ಅಂತ ಮಾವನವರು ಇವತ್ತಿಗೂ ಹೇಳುತ್ತಾರೆ. ಅಷ್ಟು ಹೆಬ್ಬೆಟ್ಟು ಒತ್ತಿದರೆ ಇಲ್ಲಿ ಎರಡು ಎಕರೆ ತೋಟ ಹೆಸರಿಗೆ ಬರುತ್ತದೆ, ಅಲ್ಲಿ ಒಂದು ದಿನ ಜೋಕಾಲಿ ಆಡಬಹುದು, ಅಷ್ಟೇ.

ಪಾರ್ಕಿನವರು ಸುಮ್ನೆ ಔದಾರ್ಯಕ್ಕೆ ಈ ರಿಯಾಯಿತಿ ಕೊಡುವುದಿಲ್ಲ. ದೂರದಿಂದ ಬರುವವನು ರಜೆಯಲ್ಲಿ ಬರುತ್ತಾನೆ, ಒಂದೇ ಸಲ ಬರುತ್ತಾನೆ, ಎಷ್ಟು ಕೇಳಿದರೂ ಕೊಡುತ್ತಾನೆ. ವಿಮಾನಕ್ಕೆ ಲಕ್ಷ ಕೊಟ್ಟವನು ಗೇಟಿನ ಮುಂದೆ ನಿಂತು ವಾಪಸ್ ಹೋಗುತ್ತಾನಾ? ಊರಿನವನಿಗೆ ಆ ಅವಸರವಿಲ್ಲ. ನಾಳೆ ನೋಡಿದರಾಯಿತು ಅಂದುಕೊಂಡೇ ವರ್ಷ ಕಳೆಯುತ್ತಾನೆ. ಅವನನ್ನು ಮನೆಯಿಂದ ಎಬ್ಬಿಸಬೇಕು, ಅದೂ ಶಾಲೆ ನಡೆಯುವ ದಿನಗಳಲ್ಲಿ, ಜನ ಕಡಿಮೆ ಇರುವ ವಾರದ ಮಧ್ಯದಲ್ಲಿ. ಅದಕ್ಕೇ ಇಂಥ ಅಗ್ಗದ ಟಿಕೆಟ್ಟುಗಳು ಎಷ್ಟೋ ಸಲ ಹಬ್ಬದ ರಜೆಗಳಲ್ಲಿ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರಲ್ಲಿ ಶುರುವಾದದ್ದು. ಅಲ್ಲಿಯವರದೂ ಇದೇ ಲೆಕ್ಕ. ದಕ್ಷಿಣ ಕ್ಯಾಲಿಫೋರ್ನಿಯಾದ ಪಿನ್‌ಕೋಡ್ 90000ದಿಂದ 93599ರ ಒಳಗಿದ್ದರೆ ವರ್ಷದ ಶುರುವಿನ ತಿಂಗಳುಗಳಲ್ಲಿ ಅಗ್ಗದ ಟಿಕೆಟ್ ಬಿಡುತ್ತಾರೆ. 93600 ಇದ್ದವನು ಬೇಲಿಯಾಚೆಯವನು. ಇನ್ನೊಂದು ದಾರಿಯನ್ನು ಕೆಲವು ಪಾರ್ಕಿನವರು ತಾವೇ ತೆರೆದಿಟ್ಟಿದ್ದಾರೆ. ವರ್ಷದ ಪಾಸ್ ಇಟ್ಟುಕೊಂಡವರಿಗೆ, ಇಂತಿಂಥ ದಿನ ನಿಮ್ಮ ಸ್ನೇಹಿತರನ್ನು ಕರೆತನ್ನಿ, ಅವರಿಗೂ ಕಡಿಮೆ ಮಾಡುತ್ತೇವೆ ಅನ್ನುತ್ತಾರೆ. ನೆಂಟರು ಬರುವ ದಿನಕ್ಕೂ ಆ ದಿನಕ್ಕೂ ತಾಳೆಯಾದರೆ ಪುಣ್ಯ. ಬೇಸಿಗೆ ರಜೆಯಲ್ಲಿ ಬರುವ ಅರಸೀಕೆರೆಯವರಿಗೆ ಅದು ತಾಳೆಯಾಗಲಿಲ್ಲ.

ಕೊನೆಗೆ ನಾಲ್ಕು ಜನರಿಗೆ ಪೂರ್ತಿ ಹಣ, ಸೊಸೆಗೊಬ್ಬಳಿಗೆ ರಿಯಾಯಿತಿ. ಅವಳಿಗೆ ಅದೇ ಸಂಕಟ. ಮನೆಗೆ ಬಂದವರು ಜಾಸ್ತಿ ಕೊಟ್ಟು, ಮನೆಯವಳು ಕಡಿಮೆ ಕೊಟ್ಟು, ಒಟ್ಟಿಗೆ ಒಳಗೆ ಹೋಗುವುದೆಂದರೆ ಪಂಕ್ತಿಯಲ್ಲಿ ತನಗೊಬ್ಬಳಿಗೇ ತುಪ್ಪ ಬಡಿಸಿದಂತಾಗಿತ್ತು. ತಾನೂ ಪೂರ್ತಿ ಕೊಟ್ಟುಬಿಡುತ್ತೇನೆ ಅಂದಳಂತೆ. ಮಾವನವರು ಬೈದು ಸುಮ್ಮನಾಗಿಸಿದರು. ಸೊಸೆಗಿಲ್ಲದೆ ನೆಂಟರಿಗೇ ಸಿಗುವ ಒಂದು ವಸ್ತು ಮಾತ್ರ ಅಲ್ಲಿತ್ತು. ಮೊದಲ ಸಲ ಬಂದವರಿಗೆ ಪುಕ್ಕಟೆಯಾಗಿ ಒಂದು ಬಿಲ್ಲೆ ಕೊಡುತ್ತಾರೆ, ಇದು ಮೊದಲ ಭೇಟಿ ಅಂತ ಬರೆದದ್ದು. ಮಾವನವರು ಅದನ್ನು ಅಂಗಿಗೆ ಸಿಕ್ಕಿಸಿಕೊಂಡು ಇಡೀ ದಿನ ಓಡಾಡಿದರು. ಈಗ ಅದು ಅರಸೀಕೆರೆಯ ಶೋಕೇಸಿನಲ್ಲಿ ಧರ್ಮಸ್ಥಳದ ಮಂಜುನಾಥನ ಫೋಟೋ ಪಕ್ಕದಲ್ಲಿದೆ.

ನಮ್ಮ ಕಡೆಯೂ ವಿಳಾಸದ ರಿಯಾಯಿತಿಗಳು ಕಡಿಮೆಯೇನಿಲ್ಲ. ಹೆದ್ದಾರಿ ಟೋಲಿನಿಂದ ಇಪ್ಪತ್ತು ಕಿಲೋಮೀಟರ್ ಒಳಗಿರುವವರ ಸ್ವಂತ ಕಾರಿಗೆ ಅಗ್ಗದ ತಿಂಗಳ ಪಾಸ್ ಉಂಟು. ನೆಂಟರ ಕಾರಿಗೆ ಅದು ಬರುವುದಿಲ್ಲ. ಹಂಪಿಯಲ್ಲಿ ನಮಗೆ 40 ರೂಪಾಯಿ, ವಿದೇಶದವರಿಗೆ 600. ಅಮೆರಿಕದ ಪಾಸ್‌ಪೋರ್ಟ್ ಇದ್ದರೂ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೆ ನಮ್ಮದೇ ರೇಟು. ಎಲ್ಲಕ್ಕಿಂತ ದೊಡ್ಡದು 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ. ಕರ್ನಾಟಕದ ವಿಳಾಸವಿರುವ ಹೆಂಗಸರಿಗೆ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸು ಪುಕ್ಕಟೆ.

ನನ್ನ ಹೆಂಡತಿಯ ದೊಡ್ಡಮ್ಮ ಹೊಸೂರಿನವರು. ಹುಟ್ಟಿದ್ದು ಹೊಳೆನರಸೀಪುರದಲ್ಲಿ, ಮಾತು ಅಚ್ಚ ಹಾಸನದ ಕನ್ನಡ. ನಮ್ಮ ಮನೆಗೆ ಬಂದಿದ್ದಾಗ ಬೇಲೂರಿಗೆ ಬಸ್ಸಿನಲ್ಲಿ ಹೊರಟೆವು. ಕಂಡಕ್ಟರ್ ಬಂದ. ನನ್ನ ಹೆಂಡತಿ ಆಧಾರ್ ತೋರಿಸಿ ಫ್ರೀ ಟಿಕೆಟ್ ತಗೊಂಡಳು. ಮುಂದಿನ ಸೀಟಿನಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ, ಹಿಂದಿ ಮಾತಾಡುವ ಹುಡುಗಿ. ಅವಳ ಕಾರ್ಡಿನಲ್ಲಿ ವೈಟ್‌ಫೀಲ್ಡ್ ವಿಳಾಸ, ಅವಳಿಗೂ ಫ್ರೀ. ದೊಡ್ಡಮ್ಮನ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಕಂಡಕ್ಟರ್ ಹೇಳಿದ, "ಅಮ್ಮ, ಇದು ತಮಿಳ್ನಾಡು. ದುಡ್ಡು ಕೊಡಿ."

"ಇವರು ಇಲ್ಲಿಯವರೇ, ಮಾತು ಕೇಳಿಸ್ತಿಲ್ವಾ ನಿಮಗೆ?" ಅಂತ ನನ್ನ ಹೆಂಡತಿ ವಕಾಲತ್ತಿಗೆ ನಿಂತಳು.

"ಮಾತಿಗೆ ಟಿಕೆಟ್ ಹರಿಯೋಕೆ ಆಗಲ್ಲ ಮೇಡಂ."

ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟರು. ಕೊಡುತ್ತಾ ಹೇಳಿದರು, "ನಮ್ಮ ಹೊಸೂರಿನ ಟೌನ್ ಬಸ್ಸಲ್ಲಿ 2021ರಿಂದ ಹೆಂಗಸರಿಗೆ ಫ್ರೀ. ಆಧಾರ್ ಗೀಧಾರ್ ಯಾರೂ ಕೇಳಲ್ಲ. ನೀನು ಬಂದ್ರೂ ಫ್ರೀನೇ ಕಣೇ." ಕಂಡಕ್ಟರ್ ನಕ್ಕು ಮುಂದೆ ಹೋದ. ನನ್ನ ಹೆಂಡತಿ ಹಗರೆ ಬರುವವರೆಗೂ ಮಾತಾಡಲಿಲ್ಲ.

ಅಷ್ಟಾದರೂ ಒಂದು ನಿಜ ಒಪ್ಪಬೇಕು. ದೊಡ್ಡಮ್ಮ ಬರದಿದ್ದರೆ ನಾವು ಬೇಲೂರಿಗೆ ಹೋಗುತ್ತಲೇ ಇರಲಿಲ್ಲ. ಹಾಸನದಿಂದ ನಲವತ್ತು ಕಿಲೋಮೀಟರ್ ಇಲ್ಲ. ಆದರೂ ಇಲ್ಲಿಯ ಎಷ್ಟೋ ಜನ ಬೇಲೂರು, ಹಳೇಬೀಡು ನೋಡುವುದು ಸ್ಕೂಲ್ ಟೂರಿನಲ್ಲಿ ಒಂದು ಸಲ, ಆಮೇಲೆ ನೆಂಟರ ದೆಸೆಯಿಂದ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ಊರೆಲ್ಲ ಪಟಾಕಿ ಹೊಡೆಯುವಷ್ಟು ಖುಷಿಪಟ್ಟೆವು, ಹೋಗಿ ನೋಡಿದವರು ಕಡಿಮೆ. ಅಕ್ಕನ ಮಗಳೂ ಅಷ್ಟೇ, ಒರ್ಲ್ಯಾಂಡೊದಲ್ಲಿದ್ದೂ ನೆಂಟರು ಬಂದಾಗ ಮಾತ್ರ ಪಾರ್ಕಿಗೆ ಹೋಗುತ್ತಾಳೆ.

ಬೇಲೂರು, ಹಳೇಬೀಡಿನಲ್ಲಿ ದೇವಸ್ಥಾನದ ಒಳಗೆ ಹೋಗಲು ಟಿಕೆಟ್ಟೇ ಇಲ್ಲ. ಜಪಾನಿನವರಿಗೂ ಪುಕ್ಕಟೆ, ಜಾವಗಲ್ಲಿನವರಿಗೂ ಪುಕ್ಕಟೆ. ನೆಂಟರಿಗೆ ನಮ್ಮ ಊರಿನ ಜೋರು ತೋರಿಸಲು ಅಲ್ಲಿ ಜಾಗವೇ ಇಲ್ಲ. ನಾನು ಬಿಡಲಿಲ್ಲ. ಹೊರಗೆ ಬಂದ ಮೇಲೆ ಎಳನೀರಿನ ಗಾಡಿ ಹತ್ತಿರ ದೊಡ್ಡಮ್ಮನನ್ನು ನಿಲ್ಲಿಸಿ ರೇಟು ಕೇಳಿದೆ. ಅವನು ಅರವತ್ತು ಅಂದ.

"ನಾವು ಹಾಸನದವರೇ ಕಣಪ್ಪ, ಟೂರಿಸ್ಟ್ ಅಲ್ಲ. ಸರಿಯಾಗಿ ಹೇಳು."

ಅವನು ಮಚ್ಚು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದ. "ಹಾಸನದವರಾದ್ರೆ ರೇಟ್ ಗೊತ್ತಿರಬೇಕಲ್ಲ ಸರ್. ಕೇಳೋದ್ಯಾಕೆ?"

ದೊಡ್ಡಮ್ಮ ಅಷ್ಟರಲ್ಲಿ ಮತ್ತೆ ಸೆರಗಿನ ಗಂಟಿಗೆ ಕೈ ಹಾಕಿದ್ದರು.