ಮೀಸಲಾತಿ ಬಿಟ್ಟು ಇತಿಹಾಸ ಹೇಳುವುದು ಹೇಗೆ?

ಮೀಸಲಾತಿಯಂಥ ವಿವಾದದ ವಿಷಯಗಳನ್ನು ಕಾಲೇಜು ತರಗತಿಯಿಂದ ದೂರ ಇಡಿ ಎಂದು ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ಈ ಸಲಹೆ ನನಗೆ ಒಪ್ಪಿಗೆಯಿಲ್ಲ. ನಾನು ಬೆಂಗಳೂರಿನಲ್ಲಿ ಪದವಿ ತರಗತಿಗೆ ಇತಿಹಾಸ ಪಾಠ ಮಾಡುತ್ತೇನೆ. ಮೀಸಲಾತಿ ಬಿಟ್ಟು ಮೈಸೂರು ಸಂಸ್ಥಾನದ ಕಥೆ ಹೇಳಲು ಆಗುತ್ತದಾ?

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಹೆಚ್ಚು ಪಾಲು ಕೊಡುವುದು ಹೇಗೆ ಎಂದು ಹೇಳುವುದು ಅದರ ಕೆಲಸ. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಸರಿ ಕಾಣಲಿಲ್ಲ, ಹುದ್ದೆ ಬಿಟ್ಟರು. ಇಬ್ಬರ ಫೋಟೋವನ್ನೂ ಗೋಡೆಗೆ ಹಾಕುತ್ತೇವೆ, ಅಲ್ವಾ? ಇಬ್ಬರ ವಾದವನ್ನೂ ಓದಿಸಿದರೆ ಮಾತ್ರ ಏಕೆ ತಪ್ಪು?

ನನ್ನ ತರಗತಿಯಲ್ಲಿ ಪರವೋ ವಿರೋಧವೋ ಎಂದು ಚೀಟಿ ಎತ್ತಿಸಿ, ಬಂದ ಕಡೆಯ ವಾದವನ್ನು ಬರೆಸುತ್ತೇನೆ. ಇಷ್ಟವಿಲ್ಲದವರು ಸುಮ್ನೆ ಕೇಳಬಹುದು. ಯಾರ ಜಾತಿಯನ್ನೂ ಕೇಳುವುದಿಲ್ಲ. ಗಲಾಟೆ ಆಗುತ್ತದೆ, ಅದರಲ್ಲೂ ಹಿಂದಿನ ಬೆಂಚಿನಲ್ಲಿ ಜಾಸ್ತಿ. ಆಗಲಿ ಬಿಡಿ.

ನನಗಿರುವ ಭಯ ಮೊಬೈಲಿನದು. ಇಡೀ ಪಾಠದಲ್ಲಿ 20 ಸೆಕೆಂಡ್ ಕತ್ತರಿಸಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಕಥೆ ಮುಗಿಯಿತು. ವಿರೋಧದ ವಾದ ವಿವರಿಸಿದ್ದೇ ಮೇಷ್ಟ್ರ ಅಭಿಪ್ರಾಯ ಆಗಿಬಿಡುತ್ತದೆ. ಕಾಯಂ ಆದವರು ಹೇಗೋ ಬಚಾವಾಗಬಹುದು. ವರ್ಷ ವರ್ಷ ನೇಮಕಾತಿಗೆ ಕಾಯುವ ಅತಿಥಿ ಉಪನ್ಯಾಸಕರ ಪರ ಯಾವ ಪ್ರಿನ್ಸಿಪಾಲರು ನಿಲ್ಲುತ್ತಾರೆ? ಲೇಖಕರು ಈ ಬಗ್ಗೆ ಒಂದು ಸಾಲೂ ಬರೆದಿಲ್ಲ.