ಜೋಯಿಡಾದ ಎಮ್ಮೆ ಏನು ತಪ್ಪು ಮಾಡಿತ್ತು?

ಮತ್ತೊಬ್ಬ ಪಶುವೈದ್ಯರಿಗೆ 'ಕಠಿಣ ಕ್ರಮ' ಆಯಿತಂತೆ. ಫೋನಿನಲ್ಲೇ ಔಷಧ ಹೇಳಿದ್ದು, ನೋಡದೇ ಇದ್ದ ಹಸುವಿನ ಪೋಸ್ಟ್‌ಮಾರ್ಟಂ ವರದಿ ಬರೆದದ್ದು, ಕೇಳಲು ಹೋದವನಿಗೇ ಗದರಿದ್ದು, ಇವು ಅವರ ಮೇಲಿದ್ದ ದೂರು. ಕ್ರಮ ಏನೆಂದರೆ ಜೋಯಿಡಾಕ್ಕೆ ವರ್ಗಾವಣೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ನೌಕರರ ಬಾಯಲ್ಲಿ ಜೋಯಿಡಾ ತಾಲೂಕಲ್ಲ, ದಂಡಸಂಹಿತೆಯ ಒಂದು ಕಲಮು. ಡಾಕ್ಟರಿಗೆ ಬುದ್ಧಿ ಬರಲಿ ಎಂದು ಅಲ್ಲಿಗೆ ಅಟ್ಟುತ್ತಾರೆ, ಸರಿ. ಆದರೆ ಇನ್ನು ಅವರ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳಬೇಕಾದ ಜೋಯಿಡಾದ ಎಮ್ಮೆ ಯಾವ ಸರ್ಕಾರಿ ಕೆಲಸದಲ್ಲಿ ಲೋಪ ಎಸಗಿತ್ತು?

ಕಾನೂನು ಇಲ್ಲವೆಂದಲ್ಲ. ಪ್ರಾಣಿಹಿಂಸೆ ತಡೆ ಕಾಯ್ದೆ 1960ರದ್ದು. ದನಕ್ಕೆ ಬಡಿದು ಮೊದಲ ಸಲ ಸಿಕ್ಕಿಬಿದ್ದರೆ ದಂಡ ಕನಿಷ್ಠ 10 ರೂಪಾಯಿ, ಗರಿಷ್ಠ 50. ಅದು ಬಂದಾಗ ನಾವು ಇನ್ನೂ ಮೈಸೂರು ರಾಜ್ಯದಲ್ಲಿದ್ದೆವು. 1973ರಲ್ಲಿ ರಾಜ್ಯದ ಹೆಸರು ಬದಲಾಯಿತು, ಆಮೇಲೆ ನಾರ್ತ್ ಕೆನರಾ ಹೋಗಿ ಉತ್ತರ ಕನ್ನಡ ಆಯಿತು, ಕಾಳಿ ನದಿಗೆ ಅಣೆಕಟ್ಟು ಬಂತು, ಕೈಗಾ ಅಣುಸ್ಥಾವರ ಬಂತು, ಕೊಂಕಣ ರೈಲು ಬಂತು. ಆ 50 ರೂಪಾಯಿ ಮಾತ್ರ ಅಲ್ಲಾಡಲಿಲ್ಲ. ದಂಡ ಏರಿಸಿ ಎಂದು ಸುಪ್ರೀಂ ಕೋರ್ಟು 2014ರಲ್ಲೇ ಸಂಸತ್ತಿಗೆ ಹೇಳಿತ್ತು. 2022ರಲ್ಲಿ ಒಂದು ಕರಡು ತಿದ್ದುಪಡಿ ಹೊರಬಂತು, ಸಾರ್ವಜನಿಕರ ಅಭಿಪ್ರಾಯವನ್ನೂ ಕೇಳಿದರು. ದನಗಳ ಅಭಿಪ್ರಾಯ ಬರುವುದು ಬಾಕಿ ಇರಬೇಕು. ಹೆಲ್ಮೆಟ್ ಹಾಕದೆ ಶಿರಸಿ ಪೇಟೆಗೆ ಹೋದರೆ 500. ಅದೇ ಸ್ಕೂಟರಿನ ಹಿಂದೆ ಕರುವನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದರೆ ಹತ್ತರಲ್ಲೊಂದು ಪಾಲು. ಹೆಲ್ಮೆಟ್ ಒಂದು ತಲೆಯ ಮೇಲಿದ್ದರೆ ಸಾಕು.

ವೃತ್ತಿಯ ಶಿಸ್ತು ನೋಡಿಕೊಳ್ಳಲು ಪಶುವೈದ್ಯ ಪರಿಷತ್ತು ಬೇರೆ ಇದೆ. 1984ರ ಕಾಯ್ದೆ, ನೀತಿ ಸಂಹಿತೆ, ತಪ್ಪು ಸಾಬೀತಾದರೆ ನೋಂದಣಿ ಪುಸ್ತಕದಿಂದ ಹೆಸರು ಹೊಡೆದುಹಾಕುವ ಅಧಿಕಾರ, ಎಲ್ಲ ಉಂಟು. ಪರಿಷತ್ತು ಇರುವುದು ಬೆಂಗಳೂರಿನಲ್ಲಿ, ಕೊಟ್ಟಿಗೆ ಇರುವುದು ಸಿದ್ದಾಪುರದ ಆಚೆ ಬಸ್ಸು ನಿಲ್ಲದ ಊರಿನಲ್ಲಿ. ದೂರು ಕೊಡಬೇಕಾದವನಿಗೆ ನಾಳೆ ಇನ್ನೊಂದು ದನ ಈಯುವುದಿದೆ. ಆಗ ಕರೆಯಬೇಕಾದದ್ದು ಇದೇ ಡಾಕ್ಟರನ್ನು. "ಬಿಡು ಮಾರಾಯಾ" ಎಂದು ಸುಮ್ಮನಾಗುತ್ತಾನೆ.

ಒಳ್ಳೆಯ ಡಾಕ್ಟರುಗಳಿಲ್ಲವೇ? ಇದ್ದಾರೆ. ಆಷಾಢದ ಮಳೆಯಲ್ಲಿ ಬೈಕ್ ತಳ್ಳಿಕೊಂಡು ಬಂದು, ಟಾರ್ಚ್ ಬೆಳಕಲ್ಲಿ ಭುಜದ ತನಕ ಕೈಹಾಕಿ ಅಡ್ಡ ಸಿಕ್ಕ ಕರುವನ್ನು ತಿರುಗಿಸಿ ತೆಗೆದು, ಒಂದು ಲೋಟ ಕಷಾಯ ಕುಡಿದು ಹೋಗುವವರು. ಅವರಿಗೆ ಪಕ್ಕದ ಆಸ್ಪತ್ರೆಯ ಚಾರ್ಜೂ ಇರುತ್ತದೆ, ಏಕೆಂದರೆ ಅಲ್ಲಿನ ಹುದ್ದೆ ಖಾಲಿ. ಸಿಟ್ಟು ಬರುವುದು ಇಲ್ಲೇ. ಇವರೂ, ಕೊಟ್ಟಿಗೆಗೆ ಕಾಲಿಡದೆ ಸಹಿ ಹಾಕುವವನೂ ಒಂದೇ ಪಟ್ಟಿಯಲ್ಲಿ, ಒಂದೇ ಬಡ್ತಿಗೆ ಕಾಯುತ್ತಾರೆ. ಹಾಲು ಡೇರಿಗೆ ಹಾಕಿ ಮಕ್ಕಳ ಫೀಸು ಕಟ್ಟುತ್ತಿದ್ದ ಹೆಂಗಸಿನ ಹಸು ಸತ್ತರೆ 'ವಿಚಾರಣೆ ಪ್ರಗತಿಯಲ್ಲಿದೆ'. ಇದನ್ನು ನಗುತ್ತ ಬರೆಯುವುದಕ್ಕೂ ಈಗ ಬೇಜಾರು.

ಇರಲಿ. ವರ್ಗವಾದ ಡಾಕ್ಟರು ಸೋಮವಾರ ಅಲ್ಲಿ ಚಾರ್ಜು ತಗೊಳ್ಳುತ್ತಾರಂತೆ. ಜೋಯಿಡಾದವರು ಹಾರ ತರುವುದಾದರೆ ದನಕ್ಕೆ ಸಿಗದಷ್ಟು ಎತ್ತರದಲ್ಲಿ ಹಿಡಿದುಕೊಳ್ಳಲಿ. ಅದು ತಿಂದು ಹೊಟ್ಟೆ ಉಬ್ಬರಿಸಿಕೊಂಡರೆ ತೋರಿಸುವುದು ಯಾರಿಗೆ?